ಆರು ಪಾಯಿಂಟ್ ಎಂಟು

ಎಲ್ವಾಸ್ ಊರಿನ ಹಳೆಯ ಕಾನ್ವೆಂಟಿನ ಹಿಂದೆ
ಚರಂಡಿ ಅಗೆಯುವಾಗ ಸಿಕ್ಕವು
ಎರಡು ಪುಟ್ಟ ಅಸ್ಥಿಪಂಜರ,
ನಡುವೆ ಒಂದು ಗೇಣು ಮಣ್ಣು.

ಪಾದ್ರಿಯ ದಫ್ತರದಲ್ಲೂ ಎರಡೇ ಹೆಸರು, ಒಂದೇ ವಾರದ ಸಾವು:
ಯುಫೇಮಿಯಾ, ಐದು ವರ್ಷ; ಬಂದಾಗ ಮಣಿಕಟ್ಟಿಗೆ ನೀಲಿ ದಾರ.
ಝೆಫೆರೀನೋ, ಐದು ವರ್ಷ; ಬಂದಾಗ ಬಟ್ಟೆಯೊಳಗೆ ಅರ್ಧ ಹರಿದ ಇಸ್ಪೀಟೆಲೆ.
ಇಬ್ಬರೂ ಗೋಡೆಯ ತಿರುಗುತೊಟ್ಟಿಲಿನಿಂದ ಒಳಬಂದವರು.
ಹೊರಗಿನ ಕೈ ಇಟ್ಟು, ಗಂಟೆ ಎಳೆದು, ಓಡಿತು.
ಒಳಗಿನ ಕೈ ತಿರುಗಿಸಿ, ಎತ್ತಿ,
ಆ ದಿನದ ಸಂತರ ಹೆಸರಿಟ್ಟಿತು.

ಈಗ ಯಾವುದು ಯಾರು?

ಸೊಂಟದ ಎಲುಬನ್ನು ಕೇಳಿ ಫಲವಿಲ್ಲ,
ಹರೆಯ ಬರುವ ತನಕ ಅದು ಬಾಯಿ ಬಿಡುವುದಿಲ್ಲ.
ಹಲ್ಲು ಮಾತ್ರ ಅವಸರದ್ದು.
ತಾಯಿಯ ಬಸುರಿನಲ್ಲೇ ಕೆಲಸ ಶುರುಮಾಡಿ
ಒಮ್ಮೆ ಮುಗಿಸಿತೋ, ಮುಗಿಯಿತು, ಮತ್ತೆ ಬೆಳೆಯುವುದಿಲ್ಲ.
ಗಂಡಿನ ಕೋರೆಹಲ್ಲು ತುಸು ಅಗಲವಂತೆ,
ಹೆಣ್ಣಿನದು ತುಸು ಕಿರಿದಂತೆ.
ತುಸು ಅಂದರೆ?
ಎಳ್ಳಿನ ಸಿಪ್ಪೆಯಷ್ಟು.

ಇದಲೀನಾ ವಾಲಾಡಾರೆಸ್ ಕಿಟಕಿಯ ಬಳಿ ಕೂತಿದ್ದಾಳೆ.
ಬಲ್ಬಿನ ಬೆಳಕನ್ನು ಅವಳು ನಂಬುವುದಿಲ್ಲ.
ಕ್ಯಾಲಿಪರಿನ ಮೊನೆ ಅವಳೇ ಅರದಿಂದ ಉಜ್ಜಿ ತೆಳ್ಳಗಾಗಿಸಿದ್ದು.
ಉಸಿರು ಬಿಗಿಹಿಡಿದು ತಾಗಿಸುತ್ತಾಳೆ,
ನಿದ್ದೆಯ ಕೂಸಿನ ಉಗುರು ಕತ್ತರಿಸುವವಳ ಹಾಗೆ.

ಮೊದಲನೆಯ ಮಗು, ಮೇಲ್ದವಡೆ, ಬಲಗೋರೆ:
ಆರು ಪಾಯಿಂಟ್ ಎಂಟು ನಾಲ್ಕು.
ಎಡಗೋರೆ: ಆರು ಪಾಯಿಂಟ್ ಏಳು ಏಳು.
ಅವಳ ಪಟ್ಟಿಯಲ್ಲಿ ಗೆರೆ ಇರುವುದು ಆರು ಪಾಯಿಂಟ್ ಎಂಟರಲ್ಲಿ.
ಬಲಕ್ಕೆ ಹುಡುಗ, ಎಡಕ್ಕೆ ಹುಡುಗಿ,
ಒಂದೇ ನಗುವಿನೊಳಗೆ.

ಎರಡನೆಯದು?
ಮೂರು ಸಲ ಅಳೆದರೂ ಆರು ಪಾಯಿಂಟ್ ಎಂಟು.
ಗೆರೆಯ ಮೇಲೇ ಕೂತು
ಕಾಲಾಡಿಸುತ್ತಿದೆ.

ಕನ್ನಡದಲ್ಲಿ ಬರೆಯುವ ನನಗೇನು ಕಷ್ಟ,
ಮಗು ಬಂತು, ಮಗು ಅತ್ತಿತು, ಮಗು ಮಲಗಿತು,
ಮಣ್ಣು ಕೊಡುವವರೆಗೂ ನಡೆಯುತ್ತದೆ ಈ 'ಅದು'.
ಅವಳ ಭಾಷೆಯಲ್ಲಿ ಕುರ್ಚಿಗೂ ಹೆಣ್ಣುತನ, ತಟ್ಟೆಗೂ ಗಂಡಸುತನ.
'ಬಿಟ್ಟುಹೋದ ಕೂಸು' ಎಂದು ಬರೆಯಹೊರಟರೆ
ಆ ಪದದ ಕೊನೆಯಕ್ಷರದಲ್ಲೇ ಪೆನ್ನು ನಿಲ್ಲುತ್ತದೆ.

ಡಿಎನ್‌ಎಗೆ ದುಡ್ಡಿಲ್ಲ ಅಂದಿದೆ ಪುರಸಭೆ,
ಚರಂಡಿಯ ಬಜೆಟ್ಟಿನಲ್ಲಿ ಮಕ್ಕಳನ್ನು ಸೇರಿಸಿರಲಿಲ್ಲ.
ಸೋಮವಾರ ಮರಳಿ ಮಣ್ಣು.
ಕಲ್ಲುಕುಟಿಗ ಎರಡು ಸಲ ಫೋನ್ ಮಾಡಿದ:
ಯಾವ ಹೆಸರು ಯಾವ ಕಡೆಗೆ, ಅಮ್ಮಾ?

ಸಂಜೆ ಶಾಲೆ ಬಿಟ್ಟು ಓಂದೀನಾ ಬಂದಳು,
ಹತ್ತರ ಮಗಳು, ತುಟಿಯಲ್ಲಿ ರಕ್ತ, ಮುಷ್ಟಿಯಲ್ಲಿ ಹಲ್ಲು.
"ಕೋರೆ ಬಿತ್ತು! ಅಳೆ ನೋಡೋಣ."
ಇದಲೀನಾ ತೊಳೆದಳು, ಒರೆಸಿದಳು, ಅಳೆದಳು.
ಏಳು ಪಾಯಿಂಟ್ ಸೊನ್ನೆ ಮೂರು.
ಪಟ್ಟಿ ನೋಡಿದಳು. ಮಗಳನ್ನು ನೋಡಿದಳು.
"ಏನಂತೆ?"
"ನೀನು ಗಂಡಂತೆ, ನಿಸ್ಸಂದೇಹವಾಗಿ."
ಓಂದೀನಾ ನಕ್ಕಳು, ಕಿಟಕಿ ಕನ್ನಡಿಯಾಗಿ
ತನ್ನ ಬೋಳು ಒಸಡು ನೋಡಿಕೊಂಡು ಇನ್ನೂ ನಕ್ಕಳು.
ಈ ಹಲ್ಲು ಇರಲಿ, ಬೇಕಾಗುತ್ತೆ ಎಂದು ತಾಯಿ ಅನ್ನುವಷ್ಟರಲ್ಲಿ
ಅಂಗಳಕ್ಕೋಡಿ, ಅಜ್ಜಿ ಕಲಿಸಿದಂತೆ,
ಹಳೆಯದು ತಗೋ ಹೊಸದು ಕೊಡು ಎಂದು ಮಾಡಿಗೆ ಎಸೆದಳು.
ಹಂಚಿನ ಮೇಲೆ ಟಿಕ್ ಟಿಕ್ ಉರುಳಿ
ಎಲ್ಲೋ ನಿಂತಿತು. ಗೋಪುರದ ಕೊಕ್ಕರೆ
ಕತ್ತು ಹೊರಳಿಸಿ ಮತ್ತೆ ಗೂಡಿಗೆ ತಿರುಗಿತು.

ಕತ್ತಲಾಗುವಾಗ ಕ್ಯಾಲಿಪರನ್ನು ಸೊನ್ನೆಗೆ ತಂದು
ಇದಲೀನಾ ಕಾಲಮ್ಮನ್ನು ಖಾಲಿ ಬಿಟ್ಟಳು.
ಮೇಜಿನ ಮೇಲೆ ಎರಡು ರಟ್ಟಿನ ಪೆಟ್ಟಿಗೆ.
"ಇಸ್ಪೀಟೆಲೆಯದು ಯಾವುದಮ್ಮ ಇದರಲ್ಲಿ?"
"ಕೂಗಿ ನೋಡು."

ಓಂದೀನಾ ಬಗ್ಗಿ, ಹೊಸ ಸಂದಿಯಲ್ಲಿ ಗಾಳಿ ಸೋರುತ್ತ,
ಮೆಲ್ಲನೆ ಕೂಗಿದಳು, ಯುಫೇಮಿಯಾ.
ತಡೆದು, ಝೆಫೆರೀನೋ.

ಕಣ್ಣಾಮುಚ್ಚಾಲೆಯಲ್ಲಿ ಒಂದೇ ಬಾಗಿಲ ಹಿಂದೆ
ಅಡಗಿದವರ ಹಾಗೆ
ಎರಡೂ ಉಸಿರು ಬಿಗಿಹಿಡಿದಿದ್ದವು.